ಪ್ರೊಸೆಸರ್‌ಗೆ ಬೆಡಗು ಕೇಳಿದ ಜಯರಾಮು

ಗೌಡಗೆರೆ ಹೋಬಳಿಯಲ್ಲಿ ಮದುವೆಯಾಗದೆ ಉಳಿದವರು ಎರಡೇ ಬಗೆ: ಮದುವೆಯೇ ಬೇಡವೆಂದವರು, ಜಯರಾಮುವಿನ ಮಾತು ಕೇಳದವರು. ಹೀಗೆಂದು ಹೇಳಿಕೊಂಡು ತಿರುಗುತ್ತಿದ್ದವನು ಜಯರಾಮುವೇ ಆದ್ದರಿಂದ ಇದರಲ್ಲಿ ನಿಜವೆಷ್ಟು ಎಂದು ಯಾರೂ ತೂಗಿ ನೋಡಿರಲಿಲ್ಲ. ಆದರೆ ಒಂದು ಮಾತನ್ನು ಅವನಿಗಾಗದವರೂ ಒಪ್ಪುತ್ತಿದ್ದರು. ಇತ್ತ ಬರಗೂರಿನಿಂದ ಅತ್ತ ವೈ.ಎನ್.ಹೊಸಕೋಟೆಯವರೆಗೆ ಯಾವ ಹಟ್ಟಿಯ ಯಾವ ಮನೆಯವರದು ಯಾವ ಬೆಡಗು ಎಂಬುದು ಅವನ ನಾಲಿಗೆಯ ಮೇಲೇ ಇರುತ್ತಿತ್ತು. ಬೆಡಗು ಎಂದರೆ ಕುಲದೊಳಗಿನ ಕವಲು; ಒಂದೇ ಬೆಡಗಿನ ಗಂಡುಹೆಣ್ಣು ಅಣ್ಣತಂಗಿಯರಿದ್ದಂತೆ, ಮದುವೆ ಕೂಡದು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಹೆಣ್ಣು ನೋಡಿ, ಹೂ ಮುಡಿಸಿ, ಛತ್ರ ಗೊತ್ತು ಮಾಡಿದ ಮೇಲೂ ಜಯರಾಮು ಬಂದು, ನಿಮ್ಮ ಮುತ್ತಾತನೂ ಅವರ ಮುತ್ತಾತನೂ ಒಂದೇ ಬೆಡಗು ಎಂದು ಹೇಳಿಬಿಟ್ಟರೆ ಅಲ್ಲಿಗೆ ಆ ಮದುವೆ ಮುಗಿಯಿತು. ಹಾಗೆ ಅವನು ಮುರಿದ ಸಂಬಂಧಗಳು ಕೂಡಿಸಿದವುಗಳಿಗಿಂತ ಹೆಚ್ಚೇ ಇದ್ದವು. ಅವನ ಮರ್ಯಾದೆ ನಿಂತಿದ್ದೂ ಅದರ ಮೇಲೆಯೇ.

ಇಂಥವನ ಮಗಳು ದಿವ್ಯ ಶಿರಾದಲ್ಲಿ ಬಿ.ಕಾಂ. ಓದುತ್ತಿದ್ದಳು. ಓದಿಗಿಂತ ಚೆನ್ನಾಗಿ ಫೋನಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದಳು. ಅವಳ ಗುರಿ ನೋಡಿ ತುಮಕೂರಿನ ಹುಡುಗಿಯರ ತಂಡವೊಂದು ಅವಳನ್ನು ಕರೆಯಿತು. ತಂಡದ ನಾಯಕಿ ಅಶ್ವಿನಿ ಎಂಬವಳು ಹಾಕಿದ ಷರತ್ತು ಒಂದೇ. ಇನ್ನು ಫೋನಿನ ಆಟ ನಡೆಯುವುದಿಲ್ಲ, ಆಟಕ್ಕೆಂದೇ ಕಟ್ಟಿದ ಕಂಪ್ಯೂಟರ್ ಬೇಕು, ಬರುವ ಭಾನುವಾರ ಮಧ್ಯಾಹ್ನದ ಪಂದ್ಯಕ್ಕೆ ಅದರ ಮುಂದೆ ಕೂತಿರಬೇಕು. ಇಲ್ಲದಿದ್ದರೆ ಆ ಜಾಗಕ್ಕೆ ಕುಣಿಗಲ್ಲಿನ ಒಬ್ಬಳು ಕಾದಿದ್ದಾಳೆ.

ದಿವ್ಯಳ ಮುಖ ನೋಡಿದ ಜಯರಾಮು ಎದ್ದು ನೇರ ಹಟ್ಟಿಯ ಕಟ್ಟೆಗೆ ಹೋದ. ಎರಡು ಟಗರು ಮಾರಿದ ದುಡ್ಡು ಜೇಬಿನಲ್ಲಿತ್ತು. ಭಾನುವಾರ ಮಧ್ಯಾಹ್ನ ನನ್ನ ಮನೆಯಲ್ಲಿ ಮಗಳ ಆಟ, ಎಲ್ಲರೂ ಬರಬೇಕು ಎಂದು ಮದುವೆಗೆ ಕರೆಯುವ ಧಾಟಿಯಲ್ಲಿ ಕರೆದ. ಕೊಂಡುಕೊಳ್ಳುವ ವಸ್ತು ಏನೆಂದು ತಿಳಿಯುವ ಮೊದಲೇ ನೆಂಟರನ್ನು ಕರೆದವರು ಈ ಲೋಕದಲ್ಲಿ ಅವನೊಬ್ಬನೇ ಅಲ್ಲ. ಆದರೆ ಇಷ್ಟು ಧೈರ್ಯದಿಂದ ಕರೆದವರು ಕಡಿಮೆ.

ದಿವ್ಯಳಿಗೆ ಶುಕ್ರವಾರದವರೆಗೆ ಪರೀಕ್ಷೆ. ಸಾಮಾನು ತರುವುದು ಅಪ್ಪನೇ. ಹಾಗಾಗಿ ಅವಳು ಅವನನ್ನು ಕೂರಿಸಿಕೊಂಡು, ಅವನಿಗೆ ತಿಳಿಯುವ ಮಾತಿನಲ್ಲೇ ಹೇಳಿದಳು. ಅವಳು ಮಾಡಿದ ತಪ್ಪೇ ಅದು.

"ಕಂಪ್ಯೂಟ್ರು ಒಳಗಿನ ಬೋರ್ಡು ಅಂದ್ರೆ ಮನೆ ಇದ್ದಂಗೆ ಕಣಪ್ಪ. ಎಲ್ರೂ ಬಂದು ಸೇರ್ಕಳದು ಅಲ್ಲೇಯ. ಪ್ರೊಸೆಸರ್ರು ಆ ಮನೆ ನಡ್ಸೋಳು. ಅವೆರಡೂ ಹೊಂದ್ಕಂಡ್ರೆ ಮಿಕ್ಕಿದ್ದೆಲ್ಲ ಸಲೀಸು."

ಜಯರಾಮು ನಕ್ಕ. ಇಷ್ಟೇ ತಾನೆ, ಇದು ನನ್ನ ಕಸುಬೇ ಅಲ್ಲವೆ ಎಂದ. ಪ್ರೊಸೆಸರ್ ಮಾಡುವ ದೊಡ್ಡ ಕಂಪನಿಗಳು ಎರಡು. ಅವುಗಳ ಡಬ್ಬಿಯ ಬಣ್ಣ ಹಿಡಿದು ಅಪ್ಪ ಮಗಳು ಕೆಂಪಿನವರು, ನೀಲಿಯವರು ಎಂದು ಕರೆದುಕೊಂಡರು. ಕೈಯಲ್ಲಿರುವ ದುಡ್ಡಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬರುವುದಿಲ್ಲ, ಆದ್ದರಿಂದ ಚಿತ್ರ ಮೂಡಿಸುವ ಶಕ್ತಿಯನ್ನು ತನ್ನೊಳಗೇ ಇಟ್ಟುಕೊಂಡಿರುವ ಕೆಂಪಿನವರ ಪ್ರೊಸೆಸರ್ ಸಾಕು, ಬೋರ್ಡೂ ಕೆಂಪಿನದೇ ಆಗಬೇಕು, ನೆನಪಿನ ಪಟ್ಟಿ ರ‍್ಯಾಮ್ ಒಂಟಿ ಬೇಡ, ಜೋಡಿ ಇರಲಿ ಎಂದು ದಿವ್ಯ ಹೇಳಿದಳು. ಜೋಡಿ ಎಂದ ಕೂಡಲೇ ಜಯರಾಮುವಿಗೆ ಮಗಳ ಮೇಲೆ ಅಭಿಮಾನ ಉಕ್ಕಿತು. ಒಂಟಿ ಎತ್ತಿಗೆ ಯಾರು ನೇಗಿಲು ಕಟ್ಟುತ್ತಾರೆ. ಆದರೆ ಬೋರ್ಡೂ ಕೆಂಪಿನದೇ ಎಂಬ ಮಾತಿಗೆ ಅವನು ಒಳಗೊಳಗೇ ತಲೆಯಾಡಿಸಿಕೊಂಡ. ಓದುವ ಮಕ್ಕಳು, ಪಾಪ, ಬೆಡಗು ಗಿಡಗು ಅವಕ್ಕೇನು ಗೊತ್ತು.

ಶಿರಾದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸಾಬರೊಬ್ಬರ ಕಂಪ್ಯೂಟರ್ ಅಂಗಡಿ. ಜಯರಾಮು ಹೋಗಿ ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿನ ಮೇಲೆ ಕೂತು, ಪ್ರೊಸೆಸರ್ ತೋರಿಸಿ ಎಂದ. ಸಾಬರು ಮುಂದಿಟ್ಟ ಡಬ್ಬಿಯ ಕಿಟಕಿಯಲ್ಲಿ ಬಿಸ್ಕತ್ತಿನಷ್ಟು ಅಗಲದ ಒಂದು ತುಣುಕು ಹೊಳೆಯುತ್ತಿತ್ತು. ಇಷ್ಟೇನಾ ಎಂದು ಕೇಳಿದ. ಸಾಬರು ನಿಧಾನವಾಗಿ, ನಾವು ಒಂದು ಸಲ ಕಣ್ಣು ಮಿಟುಕಿಸುವುದರೊಳಗೆ ಇದು ಕೋಟಿ ಕೋಟಿ ಲೆಕ್ಕ ಮಾಡಿ ಮುಗಿಸಿರುತ್ತದೆ ಎಂದರು. ಜಯರಾಮು ಒಂದು ಸಲ ಕಣ್ಣು ಮಿಟುಕಿಸಿ ನೋಡಿದ. ಆಮೇಲೆ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಅವನು ನೋಡಿದ ಹೆಣ್ಣುಗಳಲ್ಲಿ ಇಂಥ ಬುದ್ಧಿವಂತೆ ಇರಲಿಲ್ಲ.

ಆದರೂ ಕೇಳಬೇಕಾದ್ದನ್ನು ಕೇಳಬೇಕಲ್ಲ. ಕಂಪನಿ ಯಾವುದೆಂದು ಕೇಳಿದ. ಕೆಂಪಿನವರು. ಬೋರ್ಡು? ಅದೂ ಕೆಂಪಿನವರದೇ, ಬರೋಬ್ಬರಿ ಜೋಡಿ ಎಂದು ಸಾಬರು ಎರಡನ್ನೂ ಪಕ್ಕಪಕ್ಕ ಇಟ್ಟರು. ಜಯರಾಮು ಬೋರ್ಡಿನ ಡಬ್ಬಿಯನ್ನು ಒಂದು ಬೆರಳಿನಿಂದ ಅತ್ತ ಸರಿಸಿದ.

"ಎರಡೂ ಒಂದೇ ಬೆಡಗು. ಅಣ್ಣತಂಗಿ ಆಯ್ತದೆ. ನಮ್ಮಲ್ಲಿ ನಡಿಯಾಕಿಲ್ಲ ಸಾಬ್ರೆ."

"ನಮ್ಮಲ್ಲಿ ಚಿಕ್ಕಪ್ಪನ ಮಗಳನ್ನೂ ತಗೋತೀವಿ ಯಜಮಾನ್ರೆ," ಎಂದರು ಸಾಬರು. "ಆದ್ರೆ ಈ ಮಾತಿಗೂ ಕಂಪ್ಯೂಟರ್‌ಗೂ ಏನ್ ಸಂಬಂಧ?"

"ಸಂಬಂಧ ಇಲ್ಲ ಅಂತಾನೇ ನಾನೂ ಹೇಳ್ತಿರೋದು."

ಸಾಬರು ಬಹಳ ಹೊತ್ತು ತಿಳಿಹೇಳಿದರು. ಹೇಳಿದಷ್ಟೂ ಜಯರಾಮು, ಮಾಲು ಖರ್ಚಾಗಲೆಂದು ಹೇಳುತ್ತಿದ್ದಾರೆ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿಸಿಕೊಂಡ. ಕೊನೆಗೆ ಪ್ರೊಸೆಸರ್, ಜೋಡಿ ರ‍್ಯಾಮ್, ಉಳಿದ ಸಾಮಾನು ಎಲ್ಲ ತೆಗೆದುಕೊಂಡು ಬೋರ್ಡನ್ನು ಮಾತ್ರ ಬಿಟ್ಟು ಎದ್ದ. ಸಾಬರು ಆ ಬೋರ್ಡನ್ನು ಕಪಾಟಿಗೆ ವಾಪಸು ಇಡದೆ ಗಲ್ಲಾಪೆಟ್ಟಿಗೆಯ ಕೆಳಗೆ ಎತ್ತಿಟ್ಟರು. ವ್ಯಾಪಾರ ಮಾಡಿ ಮಾಡಿ ಅವರಿಗೆ ಗಿರಾಕಿ ಹೋಗುವ ನಡಿಗೆಯಲ್ಲೇ ಬರುವ ನಡಿಗೆಯೂ ಕಾಣುತ್ತಿತ್ತು.

ಸಂಬಂಧ ದೂರದ್ದಾದಷ್ಟೂ ಮಾತು ಕಡಿಮೆ ಎಂಬುದು ಜಯರಾಮುವಿನ ಅನುಭವ. ಮರುದಿನ ಬಸ್ಸು ಹಿಡಿದು ಪಾವಗಡಕ್ಕೇ ಹೋಗಿ ನೀಲಿಯವರ ಬೋರ್ಡು ಕೇಳಿದ. ಅಂಗಡಿಯವನು ಒಳ್ಳೆಯ ಮನುಷ್ಯ. ಏ ಪ್ರೊಸೆಸರ್‌ಕಿ ಅಣ್ಣಾ, ಯಾವುದಕ್ಕೆ ಹಾಕೋದು ಎಂದು ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಅರ್ಧ ಕೇಳಿದ. ಮಾತು ಕುದುರುವ ಮೊದಲು ಹೆಣ್ಣಿನ ಕಡೆಯವರ ಹೆಸರು ಹೇಳಿದರೆ ನಡುವೆ ಕಡ್ಡಿಯಾಡಿಸುವವರು ಹುಟ್ಟಿಕೊಳ್ಳುತ್ತಾರೆ. ಜಯರಾಮು ಒಳ್ಳೆ ಮನೆತನ ಎಂದಷ್ಟೇ ಹೇಳಿದ. ಅಂಗಡಿಯವನಿಗೆ ಅದು ಯಾವ ಮಾಡೆಲ್ ಎಂದು ಹೊಳೆಯಲಿಲ್ಲ. ಬೋರ್ಡು ಕೊಟ್ಟ.

ಶನಿವಾರ ಬೆಳಗ್ಗೆ ನಡುಮನೆಯಲ್ಲಿ ಜಮಖಾನ ಹಾಸಿ ಡಬ್ಬಿಗಳನ್ನು ಜೋಡಿಸಿಟ್ಟಿದ್ದಾಯಿತು. ಹೆಂಡತಿ ಕೊಲ್ಲಾಪುರಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ದಿವ್ಯ ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಾಗ ಅದರ ಅಡಿಯಲ್ಲಿ ಕೂದಲೆಳೆಯಂಥ ಚಿನ್ನದ ಮುಳ್ಳುಗಳು ಸಾಲುಸಾಲಾಗಿ ಮಿನುಗಿದವು. ಕೊಲ್ಲಾಪುರಮ್ಮ ಯಾರೂ ಹೇಳದೆಯೇ ಕೈ ಮುಗಿದಳು. ದಿವ್ಯ ಬೋರ್ಡಿನ ಮುಚ್ಚಳ ತೆಗೆದಳು. ಅದರೊಳಗೂ ಮುಳ್ಳು. ಇತ್ತ ಮುಳ್ಳು, ಅತ್ತ ಮುಳ್ಳು. ಒಂದರ ಮೇಲೊಂದು ಕೂರುವ ದಾರಿಯೇ ಇಲ್ಲ.

ದಿವ್ಯ ಕೂಗಾಡಲಿಲ್ಲ. ಪ್ರೊಸೆಸರನ್ನು ಮೆಲ್ಲಗೆ ಡಬ್ಬಿಗೆ ಇಟ್ಟು, ಗೋಡೆಗೆ ಒರಗಿ ಕೂತಳು. ಮಗಳು ಕೂಗಾಡಿದ್ದರೆ ಜಯರಾಮು ತಾನೂ ಕೂಗಾಡಿ ಗೆದ್ದಿರುತ್ತಿದ್ದ.

"ನಾನು ಕೆಂಪಿನದೇ ಅಂದಿದ್ದೆ ಅಲ್ವೇನಪ್ಪ," ಎಂದಳು. "ನಾಳೆ ಆಟ."

ಬದಲಾಯಿಸುವುದೇನೂ ಕಷ್ಟವಿರಲಿಲ್ಲ. ಶಿರಾಕ್ಕೆ ಹೋಗಿ ಕೆಂಪಿನ ಬೋರ್ಡು ತಂದರಾಯಿತು. ಆದರೆ ಅಷ್ಟರಲ್ಲಿ ಸುದ್ದಿ ಹಟ್ಟಿಯ ತುಂಬ ಹರಡಿತ್ತು. ಊರವರ ಮನೆಯಲ್ಲೆಲ್ಲ ಬೆಡಗು ಕೆದಕಿ ಮದುವೆ ಮುರಿದವನು ತನ್ನ ನಡುಮನೆಯಲ್ಲೇ ಒಂದೇ ಬೆಡಗಿನ ಗಂಡುಹೆಣ್ಣನ್ನು ಕೂಡಿಸುತ್ತಾನಂತೆ ಎಂದು ಜನ ಅವನಿಗೆ ಕೇಳುವಂತೆಯೇ ಮಾತಾಡಿಕೊಂಡರು. ಅದರಲ್ಲೂ ಹಟ್ಟಿಯ ಯಜಮಾನ ಕ್ಯಾತಣ್ಣನ ಮೊಮ್ಮಗನ ಸಂಬಂಧವನ್ನು ಹೋದ ವರ್ಷ ಮುರಿದವನು ಇದೇ ಜಯರಾಮು. ಕೂಡಿಸಿದರೆ ಕಸುಬು ಹೋಯಿತು. ಕೂಡಿಸದಿದ್ದರೆ ಮಗಳ ಜಾಗ ಕುಣಿಗಲ್ಲಿನವಳಿಗೆ ಹೋಯಿತು. ಜಯರಾಮು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕ್ಯಾತಣ್ಣನ ಮುಂದೆ ಹೋಗಿ ನಿಂತ.

ಕ್ಯಾತಣ್ಣ ಡಬ್ಬಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಹುಟ್ಟಿದಾಗಿನಿಂದ ಕುರಿ ಎಣಿಸಿದವನು. ಸಂಜೆ ರೊಪ್ಪಕ್ಕೆ ನುಗ್ಗುವ ಮಂದೆಯನ್ನು ಜೋಡಿ ಜೋಡಿಯಾಗಿ ಎಣಿಸಿ ತಪ್ಪದವನು. ಇದು ಕಣ್ಣು ಮಿಟುಕಿಸುವುದರಲ್ಲಿ ಕೋಟಿ ಎಣಿಸುತ್ತದಂತೆ ಎಂದು ಜಯರಾಮು ಹೇಳಿದಾಗ ಕ್ಯಾತಣ್ಣನ ಕೈ ತಾನಾಗಿಯೇ ತಗ್ಗಿತು. ಅಷ್ಟು ಕುರಿ ಎಲ್ಲಿವೆಯಂತೆ ಎಂದಷ್ಟೇ ಕೇಳಿದ.

ಆಮೇಲೆ ನ್ಯಾಯ ಹೇಳಿದ.

"ಲೇ ಜಯರಾಮ, ಇದ್ಕೆ ದಾರಿ ಇಲ್ದೆ ಇಲ್ಲ ಕಣ್ಲಾ. ಬೆಡಗು ಅಡ್ಡ ಬಂದಾಗ ಹಿಂದಿನೋರು ಏನ್ ಮಾಡ್ತಿದ್ರು? ಹೆಣ್ಣನ್ನ ಬ್ಯಾರೆ ಬೆಡಗಿನೋರ ಮಡ್ಲಿಗೆ ಹಾಕೋರು. ಅವ್ರ ಮಗಳಾಗ್ಬುಟ್ಟು ಆ ಮನೆಯಿಂದ ಬತ್ತಾಳೆ. ಯಾರೂ ಮಾತಾಡಂಗಿಲ್ಲ."

ಮೊಮ್ಮಗನ ಸಂಬಂಧ ಮುರಿದಾಗ ಈ ದಾರಿ ನಿನಗೆ ನೆನಪಿರಲಿಲ್ಲವೆ ಎಂದು ಯಾರೋ ಹಿಂದಿನಿಂದ ಅಂದರು. ಕ್ಯಾತಣ್ಣ, ಆ ಹುಡುಗಿಯ ಅಪ್ಪನ ಮುಖ ನನಗೆ ಹಿಡಿಸಿರಲಿಲ್ಲ ಎಂದು ನ್ಯಾಯವಾಗಿಯೇ ಒಪ್ಪಿಕೊಂಡ.

ಮಡಿಲು ಕೊಡಬೇಕಾದವಳು ಲಕ್ಕಮ್ಮ. ಹಟ್ಟಿಯ ಕೊನೆಯ ಮನೆಯವಳು, ಮಕ್ಕಳಿಲ್ಲ, ಬೇರೆ ಬೆಡಗು. ಹಾಗಾಗಿ ಜಯರಾಮುವಿಗೆ ಅತ್ತೆಯ ವರಸೆ. ಅವಳು ಪ್ರೊಸೆಸರನ್ನು ನೋಡಿ, ಎಳೇದು ಎಂದಳು. ಒಪ್ಪಿಕೊಂಡಳು. ಆದರೆ ಬರೀ ಹೆಸರಿಗೆ ತಾಯಿಯಾಗುವವಳು ತಾನಲ್ಲ, ಒಮ್ಮೆ ಮಡಿಲಿಗೆ ಬಿದ್ದರೆ ಸುಖದುಃಖ ತನ್ನದು ಎಂದು ಎಲ್ಲರ ಮುಂದೆ ಹೇಳಿದಳು. ಆಗಲಿ ಆಗಲಿ ಎಂದು ಎಲ್ಲರೂ ಬೇಗ ಬೇಗ ಒಪ್ಪಿದರು. ಬೇಗ ಒಪ್ಪಿದ್ದಕ್ಕೆ ಮುಂದೆ ಏನಾಯಿತು ಎಂಬುದು ಬರುತ್ತದೆ.

ಅದೇ ಹೊತ್ತಿಗೆ ಪಂಚಾಯಿತಿಯ ಕಾರ್ಯದರ್ಶಿ ಚಂದ್ರಶೇಖರಯ್ಯ ಬಂದರು. ಪಂದ್ಯಕ್ಕೆ ಬೇಕಾದ ಇಂಟರ್ನೆಟ್ಟನ್ನು ಪಂಚಾಯಿತಿ ಕಟ್ಟಡದಿಂದ ವೈರು ಎಳೆದು ಕೊಡಲು ಒಪ್ಪಿದ್ದವರು ಅವರೇ. ಮಡಿಲು ತುಂಬುವ ಶಾಸ್ತ್ರ ನಡೆಯುತ್ತಿರುವುದನ್ನು ಕಂಡು, ಮಗು ಎಲ್ಲಿ ಎಂದು ಕೇಳಿದರು. ತೋರಿಸಿದರು. ಚಂದ್ರಶೇಖರಯ್ಯ ಕನ್ನಡಕ ಒರೆಸಿಕೊಂಡು ನೋಡಿ, ದತ್ತಕ ಎಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗುತ್ತದೆ, ಜನನ ಪ್ರಮಾಣಪತ್ರ ಬೇಕಾಗುತ್ತದೆ ಎಂದು ಅಭ್ಯಾಸಬಲದಿಂದ ಹೇಳಿಬಿಟ್ಟರು. ಜಯರಾಮು ವಾರಂಟಿ ಚೀಟಿ ತೋರಿಸಿದ. ಅದರಲ್ಲಿ ಹುಟ್ಟಿದ ದೇಶ ಸಮೇತ ಬರೆದಿತ್ತು. ಸರ್ಕಾರ ಸುಮ್ಮನಾಯಿತು.

ಅರಿಶಿನ ಕುಂಕುಮವನ್ನು ಡಬ್ಬಿಗೆ ಮಾತ್ರ ಹಚ್ಚಬೇಕು, ಒಳಗಿನದಕ್ಕೆ ಬೆರಳು ತಾಗಿದರೆ ಎಲ್ಲ ಮುಗಿದಂತೆ ಎಂದು ದಿವ್ಯ ಎರಡೂ ಕೈ ಅಡ್ಡ ಹಿಡಿದು ಕಾವಲು ನಿಂತಿದ್ದಳು. ಲಕ್ಕಮ್ಮ ಸೆರಗೊಡ್ಡಿದಳು. ಕ್ಯಾತಣ್ಣ ಡಬ್ಬಿಯನ್ನು ಅದರೊಳಗೆ ಇಟ್ಟ. ನಗಬೇಕೆಂದೇ ಬಂದಿದ್ದವರೂ ಆಗ ನಗಲಿಲ್ಲ. ಅಷ್ಟು ಚಿಕ್ಕದಾದ, ಅಷ್ಟು ಎಣಿಸಬಲ್ಲ ಒಂದು ವಸ್ತು ಮುದುಕಿಯ ಹಳೇ ಸೀರೆಯ ಸೆರಗಿನಲ್ಲಿ ಮಲಗಿರುವುದನ್ನು ಕಂಡು ಹೆಂಗಸರ ಕಣ್ಣು ಯಾಕೋ ಒದ್ದೆಯಾಯಿತು. ಲಕ್ಕಮ್ಮ ಮಡಲಕ್ಕಿ ಕಟ್ಟಿ, ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಜಯರಾಮುವಿನ ಕೈಗೆ ಒಪ್ಪಿಸಿದಳು.

ಜಯರಾಮು ಶಿರಾಕ್ಕೆ ಓಡಿದ. ಅಂಗಡಿ ಮುಚ್ಚುವ ಹೊತ್ತಾಗಿತ್ತು. ಸಾಬರು ಏನೂ ಕೇಳದೆ ಬಗ್ಗಿ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಕೆಂಪಿನ ಬೋರ್ಡು ತೆಗೆದು ಕೊಟ್ಟರು. ಪಾವಗಡದ ಬೋರ್ಡನ್ನು ತಾವೇ ಯಾರಿಗಾದರೂ ಹೊಂದಿಸುವುದಾಗಿ ಹೇಳಿ ಇಟ್ಟುಕೊಂಡರು. ಬೆಡಗಿನ ತಕರಾರು ಹೇಗೆ ಬಗೆಹರಿಯಿತೆಂದು ಮಾತ್ರ ಕೇಳಿದರು. ಮಡಿಲಿಗೆ ಹಾಕಿದೆವು ಎಂದ ಜಯರಾಮು. ಸಾಬರು ಬಹಳ ಗಂಭೀರವಾಗಿ, ಮುಬಾರಕ್ ಹೋ ಎಂದರು.

ಭಾನುವಾರ ಬೆಳಗ್ಗೆ ಪ್ರೊಸೆಸರ್ ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಒತ್ತಬೇಕಾಗಲಿಲ್ಲ; ಹಾಗೆ ಬಿಟ್ಟದ್ದಷ್ಟೆ, ತಾನೇ ಇಳಿಯಿತು. ಜಯರಾಮು ಇಷ್ಟು ವರ್ಷ ಮಾಡಿಸಿದ ಮದುವೆಗಳಲ್ಲಿ ಹೀಗೆ ಜಗಳವಿಲ್ಲದೆ ಮನೆ ಸೇರಿದ ಸೊಸೆಯನ್ನು ಕಂಡಿರಲಿಲ್ಲ. ಅದರ ಮೇಲೆ ಫ್ಯಾನು, ಪಕ್ಕದಲ್ಲಿ ಜೋಡಿ ರ‍್ಯಾಮ್, ಕೆಳಗೆ ಕರೆಂಟಿನ ಪೆಟ್ಟಿಗೆ. ದಿವ್ಯ ಗುಂಡಿ ಒತ್ತಿದಳು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು, ಹಸಿರು, ನೀಲಿ ಬೆಳಕು ಒಂದರ ಹಿಂದೊಂದು ಸುತ್ತತೊಡಗಿತು. ಹಾಡುಹಗಲು, ಆದರೂ ನಡುಮನೆಯಲ್ಲಿ ತುಂಬಿದ್ದ ಜನರ ಮುಖದ ಮೇಲೆಲ್ಲ ಆ ಬಣ್ಣ ಹರಿದಾಡಿತು. ಬಾಗಿಲ ಹೊರಗೆ ನಿಂತಿದ್ದವರು, ಒಳಗೆ ಏನಾಯಿತೆಂದು ಕೇಳಿದರೆ ಒಳಗಿನವರು ಕೈಸನ್ನೆಯಲ್ಲೇ ಸುಮ್ಮನಿರಿ ಎಂದರು.

ದಿವ್ಯ ಶಿರಾದಲ್ಲೇ ಗೆಳತಿಯಿಂದ ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡು ಬಂದಿದ್ದ ಆಟವನ್ನು ಇಳಿಸಿಕೊಂಡು, ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಹಾಕಿ ಕೂತಳು. ಪಂದ್ಯ ಶುರುವಾಯಿತು. ಅಶ್ವಿನಿಯ ತಂಡ ಒಂದು ಬೆಟ್ಟದ ಮೇಲೆ ಇಳಿದು ಹರಡಿಕೊಂಡಿತು. ಯಾರು ನಮ್ಮವರು, ಯಾರು ಎದುರಿನವರು ಎಂದು ತಿಳಿಯದೆ ಹಟ್ಟಿಯವರು ಬಿದ್ದವರಿಗೆಲ್ಲ ಅಯ್ಯೋ ಎಂದರು. ತಂಡದವರು ಒಬ್ಬೊಬ್ಬರೇ ಉರುಳಿದರು. ಕೊನೆಗೆ ತಂಡದಲ್ಲಿ ಉಳಿದವಳು ದಿವ್ಯ ಒಬ್ಬಳೇ. ಎದುರು ಕಡೆ ಇಬ್ಬರು. ಪರದೆಯ ಹುಲ್ಲಿನಲ್ಲಿ ಬೋರಲು ಮಲಗಿ ಕಾಯುತ್ತಿದ್ದಳು.

ಸರಿಯಾಗಿ ಆಗ ಲಕ್ಕಮ್ಮ, ಮಗಳು ಹೇಗಿದ್ದಾಳೋ ಎಂದು ಎದ್ದು ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

ಪೆಟ್ಟಿಗೆ ಬಿಸಿಯಾಗಿತ್ತು. ಹಿಂಬದಿಗೆ ಕೈ ಒಯ್ದಳು. ಸುಡುವ ಗಾಳಿ ಬಡಿಯಿತು. ಮೈ ಕಾಯ್ತಾ ಐತೆ ಎಂದಳು. ಎಳೆಗೂಸಿಗೆ ಜ್ವರ ಬಂದಿದ್ದರೂ ದುಡಿಸುತ್ತಿದ್ದೀರಿ, ನಿಮ್ಮ ಮನೆಗೆ ಕೊಟ್ಟು ತಪ್ಪು ಮಾಡಿದೆ, ನಾನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳುತ್ತಲೇ ಗೋಡೆಯ ಪ್ಲಗ್ಗಿಗೆ ಕೈ ಹಾಕಿದಳು.

ಜನ ತಡೆಯಲಿಲ್ಲ. ತಡೆಯುವಂತಿರಲಿಲ್ಲ. ತಾಯಿ ಅವಳು, ನಿನ್ನೆ ತಾನೆ ಎಲ್ಲರೂ ಆಗಲಿ ಆಗಲಿ ಎಂದವರು. ಕ್ಯಾತಣ್ಣ ತನ್ನ ನ್ಯಾಯಕ್ಕೆ ತಾನೇ ಕಟ್ಟುಬಿದ್ದು ಮೀಸೆ ಮುಟ್ಟಿಕೊಂಡ. ಚಂದ್ರಶೇಖರಯ್ಯ ಕಾನೂನು ಹುಡುಕಿದರು. ಹೆಡ್‌ಫೋನ್ ಹಾಕಿದ್ದ ದಿವ್ಯಳಿಗೆ ಇದಾವುದೂ ಕೇಳುತ್ತಿರಲಿಲ್ಲ. ಅವಳು ಹುಲ್ಲಿನ ಸಂದಿಯಲ್ಲಿ ನೋಡುತ್ತಿದ್ದಳು.

ಜಯರಾಮು ಲಕ್ಕಮ್ಮನ ಕೈ ಹಿಡಿಯಲಿಲ್ಲ. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸಾವಿರ ಮನೆಯ ಜಗುಲಿಯಲ್ಲಿ ಮಾತಾಡಿ ಪಳಗಿದ ತಗ್ಗಿದ ದನಿಯಲ್ಲಿ ಹೇಳಿದ.

"ಅತ್ತೆ, ನಿನ್ ಮಗಳು. ಕರ್ಕಂಡು ಹೋಗಾಕೆ ನಿಂಗೆ ಹಕ್ಕೈತೆ. ಇಲ್ಲ ಅಂದೋನು ನನ್ ಶತ್ರು. ಆದ್ರೆ ಒಂದ್ ಮಾತು ಹೇಳು. ಹಸೆ ಮ್ಯಾಲೆ ಕುಂತಿರೋ ಹೆಣ್ಣನ್ನ ಎಬ್ಬಿಸ್ಕಂಡು ಹೋಗೋದು ನಮ್ಮಲ್ಲಿ ಐತಾ?"

ಲಕ್ಕಮ್ಮ ಯೋಚಿಸಿದಳು. ಪ್ಲಗ್ಗಿನ ಮೇಲಿನ ಕೈ ಅಲ್ಲೇ ಇತ್ತು.

"ಇಲ್ಲ," ಎಂದಳು.

"ಅಂಗಾರೆ ಮೈ ಕಾಯ್ದಾಗ ತಾಯಿ ಆದೋಳು ಏನ್ ಮಾಡ್ಬೇಕು?"

ಲಕ್ಕಮ್ಮ ಪ್ಲಗ್ಗಿನಿಂದ ಕೈ ತೆಗೆದಳು. ಒಳಗೆ ಹೋಗಿ ಮೊರ ತಂದು ಪೆಟ್ಟಿಗೆಯ ಪಕ್ಕದಲ್ಲಿ ಕೂತು ಬೀಸತೊಡಗಿದಳು. ರಾಗಿ ಹಸನು ಮಾಡುವ ಕೈ. ಬೀಸು ಎಂದರೆ ಬೀಸು. ಗಾಜಿನೊಳಗಿನ ಬಣ್ಣದ ಫ್ಯಾನುಗಳೆಲ್ಲ ಅವಳ ಮುಂದೆ ಸಪ್ಪೆಯಾದವು.

ಹುಲ್ಲು ಅಲುಗಿತು. ದಿವ್ಯ ಗುಂಡು ಹಾರಿಸಿದಳು. ಒಬ್ಬ ಬಿದ್ದ. ಇನ್ನೊಬ್ಬ ಎದ್ದು ಓಡಿದ. ಓಡುತ್ತಲೇ ಅವನೂ ಹಾರಿಸಿದ. ಯಾರು ಮೊದಲು ಬಿದ್ದರು ಎಂಬುದು ಹಟ್ಟಿಯವರಿಗೆ ತಿಳಿಯಲಿಲ್ಲ. ಪಂದ್ಯ ಮುಗಿಯಿತು. ದಿವ್ಯ ಹೆಡ್‌ಫೋನಿನಲ್ಲಿ ಏನನ್ನೋ ಕೇಳಿಸಿಕೊಂಡು, ಹೂಂ ಅಕ್ಕ, ಹೂಂ ಅಕ್ಕ ಎಂದಳು. ಆಮೇಲೆ ಅದನ್ನು ಕತ್ತಿಗೆ ಇಳಿಸಿ ಅಪ್ಪನ ಕಡೆ ತಿರುಗಿದಳು. ಸೋತೆವು, ಕೂದಲೆಳೆಯಲ್ಲಿ ಎಂದಳು. ಆದರೆ ಅಶ್ವಿನಿ, ಮುಂದಿನ ಪಂದ್ಯಕ್ಕೂ ನೀನೇ ಬರಬೇಕು, ಕುಣಿಗಲ್ಲಿನವಳಿಗೆ ಬೇಡವೆಂದು ಹೇಳಿಬಿಟ್ಟೆ ಎಂದಳಂತೆ. ಜಯರಾಮು ಎದ್ದು ಹೊರಗೆ ಹೋಗಿ, ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು ಬಂದ.

ಜನ ಏಳಲಿಲ್ಲ. ಇನ್ನೂ ಒಂದಿಷ್ಟು ತೋರಿಸು ಎಂದರು. ದಿವ್ಯ ಅಭ್ಯಾಸಕ್ಕೆಂದು ಇರುವ ಮೈದಾನವನ್ನು ತೆರೆದಳು. ಅಲ್ಲಿ ಹಗೆಗಳಿಲ್ಲ, ಗುಂಡಿನ ಸದ್ದಿಲ್ಲ. ಕಣ್ಣು ಹಾಯುವಷ್ಟು ದೂರ ಹಸಿರು ಗುಡ್ಡ, ಮೊಣಕಾಲೆತ್ತರದ ಹುಲ್ಲು, ಗಾಳಿಗೆ ಅಲೆಯಲೆಯಾಗಿ ಬಾಗುತ್ತಿತ್ತು. ಕೆಳಗೆ ಹಳ್ಳ, ಹಳ್ಳದಲ್ಲಿ ತುಂಬು ನೀರು. ಬಂಡೆ, ಜಾಲಿ, ಕಳ್ಳಿಯ ನಡುವೆ ಕುರಿಯ ಹಿಂದೆ ಅಲೆದ ಜನ ಅದನ್ನು ನೋಡುತ್ತ ನೋಡುತ್ತ ಮುಂದೆ ಮುಂದೆ ಸರಿದರು. ಕ್ಯಾತಣ್ಣ ಪರದೆಯ ಹತ್ತಿರಕ್ಕೇ ಬಂದು, ಅದು ಯಾವ ಸೀಮೆ ಎಂದು ಕೇಳಿದ. ಎಲ್ಲೂ ಇಲ್ಲದ ಸೀಮೆ ತಾತ ಎಂದಳು ದಿವ್ಯ. ಇಲ್ಲದಿದ್ದರೆ ಇಷ್ಟು ಚೆನ್ನಾಗಿ ಹೇಗೆ ಕಾಣುತ್ತದೆ ಎಂದು ಕ್ಯಾತಣ್ಣ ನಂಬಲಿಲ್ಲ.

ಲಕ್ಕಮ್ಮ ಬೀಸುವುದನ್ನು ನಿಲ್ಲಿಸಿದ್ದಳು.

"ಇಷ್ಟೊಂದು ಹುಲ್ಲೈತೆ," ಎಂದಳು. "ಒಂದು ಕುರಿನೂ ಬುಟ್ಟಿಲ್ವಲ್ಲ ಯಾರೂ."

ದಿವ್ಯ ಸುಮ್ಮನೆ ಒಂದು ಕೀಲಿ ಒತ್ತಿ, ಪರದೆಯ ಮೇಲಿನ ಬಂದೂಕನ್ನು ಬೆನ್ನಿಗೆ ಸೇರಿಸಿದಳು. ಕ್ಯಾತಣ್ಣ ಅವಳ ಹಿಂದೆ ಬಂದು ನಿಂತು, ಓಡಬೇಡ, ಮೆಲ್ಲಗೆ ನಡಿ, ಹಿಂದಿನವು ಉಳಿದುಬಿಡುತ್ತವೆ ಎಂದ. ಅವಳು ಮೆಲ್ಲಗೆ ನಡೆದಳು. ಎಡಕ್ಕೆ ಹೊಡಿ, ಅಲ್ಲಿ ಎಳೆ ಹುಲ್ಲಿದೆ ಎಂದ ಯಾರೋ ಒಬ್ಬ. ಬಿಸಿಲು ಇಳಿದ ಮೇಲೆ ನೀರಿಗೆ ಬಿಡು ಎಂದ ಇನ್ನೊಬ್ಬ. ಕರೆಂಟು ಹೋಗುವವರೆಗೂ ಇಡೀ ಹಟ್ಟಿ ಆ ಗುಡ್ಡದ ಮೇಲೆ ಇಲ್ಲದ ಕುರಿ ಮೇಯಿಸಿಕೊಂಡು ಹಳ್ಳದ ಕಡೆ ನಡೆಯಿತು.